ಲಾರಿಗೆ ಪೆಟ್ರೋಲ್ ಬಿದ್ದರೆ ದಂಡ ಯಾರಿಗೆ?



'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆ ನಮಗೆಲ್ಲ ಗೊತ್ತುಂಟು. ಇದು ಮನುಷ್ಯರಿಗೆ ಮಾತ್ರ ಹೇಳಿದ್ದು ಅಂತ ನಾವು ತಿಳಿದುಕೊಂಡಿದ್ದೇವೆ. ಆದರೆ ಬಂಟ್ವಾಳದಿಂದ ಶಿರಾಡಿಗೆ, ಬೆಳ್ತಂಗಡಿಯಿಂದ ಚಾರ್ಮಾಡಿಗೆ, ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹಗಲು ರಾತ್ರಿ ಓಡುವ ಲಾರಿಗಳಿಗೂ ಇದು ಸರಿಯಾಗಿ ಹೊಂದುತ್ತದೆ. ಲಾರಿಯ ಊಟ ಡೀಸೆಲ್. ಪಂಪಿನಲ್ಲಿ ಆಡಬೇಕಾದ ಮಾತೂ ಒಂದೇ, 'ಡೀಸೆಲ್'. ಊಟವೂ ತಪ್ಪಿ ಮಾತೂ ತಪ್ಪಿದರೆ ಎಂತ ಆಗ್ತದೆ, ಆ ನಷ್ಟವನ್ನು ಯಾರು ಹೊರಬೇಕು ಎಂಬುದೇ ಈ ಲೇಖನದ ವಿಷಯ.

'ಇದೆಂತ, ಶಾಲೆಯ ಗೋಡೆ ಪತ್ರಿಕೆಯಲ್ಲಿ ಬರೆಯುವ ವಿಷಯವಾ?' ಅಂತ ಕೆಲವರು ಕೇಳಬಹುದು. ಹೌದು ಅಂತಲೇ ನನ್ನ ಅಭಿಪ್ರಾಯ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಅಪ್ಪ, ಅಣ್ಣ, ಮಾವಂದಿರು ಕೆಂಪುಕಲ್ಲಿನ ಲಾರಿ, ಜಲ್ಲಿಯ ಟಿಪ್ಪರ್, ಪಿಕಪ್ ಓಡಿಸುವವರು. ಹತ್ತನೇ ಮುಗಿಸಿ ಪೆಟ್ರೋಲ್ ಪಂಪಿನಲ್ಲಿ ಕೆಲಸಕ್ಕೆ ನಿಂತ ಅಣ್ಣಂದಿರು, ಅಕ್ಕಂದಿರೂ ಇದ್ದಾರೆ. ಒಂದು ನಿಮಿಷದ ಗಡಿಬಿಡಿಗೆ ಇವರಲ್ಲಿ ಒಬ್ಬರ ತಿಂಗಳ ಸಂಬಳ ಹೋದರೆ ಅದು ಆ ಮನೆಯ ಅಕ್ಕಿಗೂ ಮಕ್ಕಳ ಪುಸ್ತಕಕ್ಕೂ ಬರುವ ಪೆಟ್ಟು. ಆದ್ದರಿಂದ ಇದು ನಮ್ಮದೇ ವಿಷಯ.

ಮೊದಲು ವಿಜ್ಞಾನ ನೋಡುವ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಕೈ ಇಟ್ಟು ನೋಡಿರಬಹುದು. ಗಾಳಿಯನ್ನು ಒತ್ತಿದರೆ ಬಿಸಿಯಾಗ್ತದೆ. ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಇಂಜಿನ್ ಇದೇ ತತ್ವದ್ದು. ಅದರೊಳಗೆ ಗಾಳಿಯನ್ನು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತಾರೆ. ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗೆ ಡೀಸೆಲ್ ಚಿಮುಕಿಸಿದರೆ ಅದು ತನ್ನಿಂದ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಹಾಗಲ್ಲ. ಅದಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೇಕು. ಕಿಡಿಗೆ ಮೊದಲೇ ಹೊತ್ತಿಕೊಳ್ಳಬಾರದು ಅಂತಲೇ ಅದನ್ನು ತಯಾರು ಮಾಡಿರುತ್ತಾರೆ. ಡೀಸೆಲ್ ಇಂಜಿನಿಗೆ ಪೆಟ್ರೋಲ್ ಹೋದರೆ ತಡವಾಗಿ, ಒಮ್ಮೆಲೇ ಹೊತ್ತಿ 'ಕಟ ಕಟ' ಅಂತ ಬಡಿಯುತ್ತದೆ, ಇಲ್ಲವೇ ಬಂದ್ ಬೀಳುತ್ತದೆ.

ಇನ್ನೊಂದು ಸಂಗತಿ ಉಂಟು. ಡೀಸೆಲ್ ಸ್ವಲ್ಪ ಜಿಡ್ಡು. ಇಂಜಿನಿಗೆ ಅದನ್ನು ಒತ್ತಿ ಕಳುಹಿಸುವ ಪಂಪಿಗೂ ಇಂಜೆಕ್ಟರಿಗೂ ಆ ಜಿಡ್ಡೇ ಕೀಲೆಣ್ಣೆ. ಪೆಟ್ರೋಲ್ ಜಿಡ್ಡನ್ನು ತೊಳೆಯುವ ವಸ್ತು. ಗ್ಯಾರೇಜಿನವರು ಕೈಯ ಗ್ರೀಸನ್ನು ಪೆಟ್ರೋಲಿನಲ್ಲಿ ತೊಳೆಯುವುದನ್ನು ನೋಡಿಲ್ಲವೇ? ಅದೇ ಪೆಟ್ರೋಲ್ ಒಳಗೆ ಹೋಗಿ ಜಿಡ್ಡನ್ನೆಲ್ಲ ತೊಳೆದರೆ ಲೋಹಕ್ಕೆ ಲೋಹ ಉಜ್ಜಿ ಪುಡಿ ಏಳುತ್ತದೆ. ಆ ಪುಡಿ ಇಂಜೆಕ್ಟರಿನ ತನಕ ಹೋಗ್ತದೆ. ಹಳೇ ಲಾರಿಗಳು ಸ್ವಲ್ಪ ತಡೆದುಕೊಳ್ಳುತ್ತಿದ್ದವು. ಈಗಿನ ಕಾಮನ್ ರೈಲ್ ಇಂಜಿನುಗಳು ಡೀಸೆಲನ್ನು ಸಾವಿರಕ್ಕೂ ಹೆಚ್ಚು ಪಟ್ಟು ವಾಯು ಒತ್ತಡದಲ್ಲಿ ಚಿಮ್ಮಿಸುವ ಬಹಳ ನಾಜೂಕಿನವು. 'ಸ್ವಲ್ಪ ಪೆಟ್ರೋಲ್ ಬಿದ್ದದ್ದಲ್ವಾ, ಮೇಲಿಂದ ಡೀಸೆಲ್ ತುಂಬಿಸಿ ಬಿಡಿ ಮಾರಾಯ್ರೇ' ಎಂಬ ಹಳೇ ಬುದ್ಧಿವಾದ ಇನ್ನು ನಡೆಯುವುದಿಲ್ಲ.

ಹಾಗಾದರೆ ಈ ತಪ್ಪು ಯಾಕೆ ಆಗ್ತದೆ? ಕಲಿಯದವರು, ಉದಾಸೀನದವರು ಮಾತ್ರ ಮಾಡ್ತಾರೆ ಎಂಬುದು ಸುಳ್ಳು. ಟಾಟಾ ಏಸ್ 2005ರಲ್ಲಿ ಬಂದಾಗ ಡೀಸೆಲ್ ಗಾಡಿ. 2020ರಲ್ಲಿ ಅದರ ಪೆಟ್ರೋಲ್ ಮಾದರಿಯೂ ಬಂತು. ಹೊರಗಿನಿಂದ ನೋಡಿದರೆ ಎರಡೂ ಅಣ್ಣ ತಮ್ಮಂದಿರ ಹಾಗೆ. ಸಾಮಾನು ಗಾಡಿ ಅಂದರೆ ಡೀಸೆಲ್ ಎಂಬ ಹಳೇ ಲೆಕ್ಕ ಈಗ ಸರಿ ಬರುವುದಿಲ್ಲ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ದೊಡ್ಡ ಲಾರಿಗಳಿಗೆ ಇನ್ನೊಂದು ಚಿಕ್ಕ ಟ್ಯಾಂಕಿಯೂ ಬಂದಿದೆ. ಅದಕ್ಕೆ ಹಾಕುವುದು 32.5 ಶೇಕಡಾ ಯೂರಿಯಾ ಇರುವ ನೀರು, ಹೊಗೆಯ ವಿಷ ಕಡಿಮೆ ಮಾಡಲಿಕ್ಕೆ. ಆ ನೀರು ಡೀಸೆಲ್ ಟ್ಯಾಂಕಿಗೆ ಬಿದ್ದರೂ ಕಷ್ಟ, ಡೀಸೆಲ್ ಆ ಟ್ಯಾಂಕಿಗೆ ಬಿದ್ದರೂ ಕಷ್ಟ. ಇದರ ಜೊತೆಗೆ ಪಂಪಿನಲ್ಲಿ 'ಪವರ್', 'ಟರ್ಬೋಜೆಟ್' ಅಂತ ಬಣ್ಣದ ಹೆಸರುಗಳು. ಒಂದು ಪೆಟ್ರೋಲ್, ಇನ್ನೊಂದು ಡೀಸೆಲ್. ಹೊಸಬರಿಗೆ ಹೇಗೆ ಗೊತ್ತಾಗಬೇಕು?

ಈಗ ಸಂಜೆಯ ಹೊತ್ತು ಯೋಚಿಸಿ ನೋಡಿ. ಬಿ.ಸಿ. ರೋಡಿನ ಕಡೆಯ ಹೆದ್ದಾರಿ, ಸಾಲಾಗಿ ನಿಂತ ಗಾಡಿಗಳು, ಹಿಂದಿನವರ ಹಾರ್ನ್. ಡ್ರೈವರ್ ಕೆಳಗೆ ಇಳಿಯದೆ, ಮೊಬೈಲಿನಲ್ಲಿ ಮಾತಾಡುತ್ತ 'ಎರಡು ಸಾವಿರಕ್ಕೆ' ಅಂತ ಮಾತ್ರ ಹೇಳ್ತಾನೆ. ಎಂತದ್ದು ಎರಡು ಸಾವಿರಕ್ಕೆ? ಹೇಳಲಿಲ್ಲ. ಬೆಳಗ್ಗೆಯಿಂದ ನಿಂತೇ ಇರುವ ಹುಡುಗ ಕೈಗೆ ಸಿಕ್ಕಿದ್ದನ್ನು ಹಾಕ್ತಾನೆ. ಇಲ್ಲಿ ತಪ್ಪು ಯಾರದ್ದು? ಹುಡುಗನದ್ದು ಹೌದು, ಡ್ರೈವರನದ್ದೂ ಹೌದು. ಟ್ಯಾಂಕಿಯ ಮುಚ್ಚಳದಲ್ಲಿ ಒಂದು ಅಕ್ಷರ ಬರೆಸದ ಧಣಿಯದ್ದೂ, ಒಬ್ಬನನ್ನೇ ನಾಲ್ಕು ಕಡೆ ಓಡಾಡಿಸುವ ಪಂಪಿನವರದ್ದೂ ಹೌದು. ಆದರೆ ದಂಡ ಕಟ್ಟುವಾಗ ಮಾತ್ರ ಎಲ್ಲರ ಬೆರಳೂ ಸಂಬಳ ಕಡಿಮೆ ಇರುವವನ ಕಡೆಗೇ ತಿರುಗುತ್ತದೆ. ಇದು ನ್ಯಾಯವೇ?

ಇದಕ್ಕೆ ಕಾನೂನು ಉಂಟು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸಗಾರನ ನಿರ್ಲಕ್ಷ್ಯದಿಂದಲೇ ನಷ್ಟ ಆಗಿದ್ದರೂ, ಅವನಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ಸಂಬಳ ಕಡಿಯುವ ಹಾಗಿಲ್ಲ. ಆದ ನಷ್ಟಕ್ಕಿಂತ ಹೆಚ್ಚು ಕಡಿಯುವ ಹಾಗಿಲ್ಲ. ಎಲ್ಲಾ ಕಡಿತ ಸೇರಿ ಒಂದು ಸಲದ ಸಂಬಳದ ಅರ್ಧಕ್ಕಿಂತ ಮೇಲೆ ಹೋಗುವ ಹಾಗೂ ಇಲ್ಲ. 1936ರ ಹಳೇ ವೇತನ ಪಾವತಿ ಕಾಯ್ದೆಯಲ್ಲಿಯೂ ಕೇಳದೆ ಕಡಿಯಬಾರದು ಎಂಬ ಮಾತು ಇತ್ತು. 'ನಾಳೆಯಿಂದ ಬರಬೇಡ, ಈ ತಿಂಗಳದ್ದು ಇಲ್ಲ' ಅಂತ ಹೇಳುವುದು ಧಣಿಯ ಹಕ್ಕಲ್ಲ.

'ದಂಡ ಇಲ್ಲದಿದ್ದರೆ ಜಾಗ್ರತೆ ಎಲ್ಲಿಂದ ಬರ್ತದೆ?' ಎಂದು ಹಿರಿಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಇಲ್ಲಿ ಒಂದು ಗುಟ್ಟು ಉಂಟು. ತಪ್ಪು ಎಣ್ಣೆ ಟ್ಯಾಂಕಿಗೆ ಬಿದ್ದ ಕೂಡಲೇ ಲಾರಿ ಹಾಳಾಗುವುದಿಲ್ಲ. ಹಾಳಾಗುವುದು ಇಂಜಿನ್ ಚಾಲೂ ಮಾಡಿ ಓಡಿಸಿದ ಮೇಲೆ. ಅಲ್ಲಿಯೇ ನಿಲ್ಲಿಸಿದರೆ ಟ್ಯಾಂಕಿ ಖಾಲಿ ಮಾಡಿ, ತೊಳೆದು, ಬೇಕಾದರೆ ಫಿಲ್ಟರ್ ಬದಲಿಸಿದರೆ ಸಾಕಾಗಬಹುದು. ಓಡಿಸಿದರೆ ಪಂಪು, ಇಂಜೆಕ್ಟರು, ಪೈಪು ಎಲ್ಲದರ ಮೇಲೂ ಖರ್ಚು ಬೀಳಬಹುದು. ಅಂದರೆ ತಪ್ಪು ಮಾಡಿದವನು ಆ ಒಂದು ನಿಮಿಷದಲ್ಲಿ 'ಅಣ್ಣಾ, ಚಾಲೂ ಮಾಡ್ಬೇಡಿ!' ಅಂತ ಕೂಗಿ ಹೇಳಬೇಕು. ಹೇಳಿದರೆ ಕೆಲಸ ಹೋಗ್ತದೆ ಎಂದು ಹೆದರಿದವನು ಕೂಗುತ್ತಾನಾ? ಬಾಯಿ ಮುಚ್ಚಿಕೊಂಡು 'ಹೋಗಲಿ' ಅಂತ ಸುಮ್ಮನಾಗುತ್ತಾನೆ. ಆ ಲಾರಿ ಚಾರ್ಮಾಡಿಯ ತಿರುವಿನಲ್ಲಿ ಬಂದ್ ಬಿದ್ದರೆ? ಇಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗ್ತದೆ, ಬ್ರೇಕಿಗೆ ಹೊಸ ಗಾಳಿ ತುಂಬುವುದಿಲ್ಲ. ಆಮೇಲೆ ಹೋಗುವುದು ದುಡ್ಡು ಮಾತ್ರ ಅಲ್ಲ. ಆದ್ದರಿಂದ ದೊಡ್ಡ ದಂಡ ಜಾಗ್ರತೆಯನ್ನು ಕಲಿಸುವುದಕ್ಕಿಂತ ಹೆಚ್ಚಾಗಿ ಮುಚ್ಚಿಡುವುದನ್ನು ಕಲಿಸುತ್ತದೆ.

ನಮ್ಮ ಊರಿನ ಮಣ್ಣಿನ ಅಡಿಯಲ್ಲಿಯೇ ಒಂದು ಉದಾಹರಣೆ ಉಂಟು. 2003ರಿಂದ ಮಂಗಳೂರು–ಹಾಸನ–ಬೆಂಗಳೂರು ಎಣ್ಣೆಯ ಕೊಳವೆ ನಮ್ಮ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಮೂಲಕ ಹೋಗುತ್ತದೆ. ನೆರಿಯದಲ್ಲಿ ಅದರ ಪಂಪಿಂಗ್ ಸ್ಟೇಷನ್ ಉಂಟು. ಪೆಟ್ರೋಲಿಗೆ ಒಂದು, ಡೀಸೆಲಿಗೆ ಒಂದು ಅಂತ ಬೇರೆ ಬೇರೆ ಕೊಳವೆ ಇಲ್ಲ. ಒಂದರ ಹಿಂದೆ ಒಂದು, ಒಂದೇ ಕೊಳವೆಯಲ್ಲಿ! ಎರಡೂ ಸೇರುವ ಜಾಗದಲ್ಲಿ ಸ್ವಲ್ಪ ಬೆರಕೆ ಆಗಿಯೇ ಆಗ್ತದೆ. ಪೆಟ್ರೋಲ್ ಲೀಟರಿಗೆ ಸುಮಾರು 740 ಗ್ರಾಂ, ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಈ ಸಾಂದ್ರತೆ ನೋಡಿ ಬೆರಕೆಯ ಭಾಗವನ್ನು ಗುರುತಿಸಿ ಬೇರೆ ಮಾಡ್ತಾರೆ. ಅಷ್ಟು ದೊಡ್ಡ ಕೆಲಸದಲ್ಲಿಯೇ 'ಬೆರಕೆ ಆಗ್ತದೆ' ಎಂದು ಮೊದಲೇ ಒಪ್ಪಿಕೊಂಡು ದಾರಿ ಮಾಡಿಟ್ಟಿರುವಾಗ, ಪಂಪಿನ ಹುಡುಗನೊಬ್ಬ ಜನ್ಮದಲ್ಲಿ ಒಮ್ಮೆಯೂ ತಪ್ಪಬಾರದು ಎಂದರೆ ಹೇಗೆ?

ಹಾಗಂತ ಎಲ್ಲಾ ತಪ್ಪೂ ಒಂದೇ ಅಲ್ಲ. ಕೈತಪ್ಪಿ ಬೀಳುವುದು ಬೇರೆ, ಲಾಭಕ್ಕಾಗಿ ಬೆರೆಸುವುದು ಬೇರೆ. ಚಿಮಿಣಿ ಎಣ್ಣೆ ಕೆಟ್ಟ ವಸ್ತುವಲ್ಲ. ಅಜ್ಜಿಯ ಕಾಲದಲ್ಲಿ ಮನೆಗೆ ಬೆಳಕು ಕೊಟ್ಟದ್ದು ಅದೇ, ನಮ್ಮ ಕರಾವಳಿಯ ನಾಡದೋಣಿಗಳ ಯಂತ್ರಕ್ಕೂ ಬೇಕು. ಆದರೆ ರೇಷನ್ನಿನ ಅಗ್ಗದ ಎಣ್ಣೆಯನ್ನು ಡೀಸೆಲಿಗೆ ಬೆರೆಸಿ ಮಾರಿದರೆ ಅದು ಕಳ್ಳತನ. ಅದನ್ನು ತಡೆಯಲಿಕ್ಕೇ ಅದಕ್ಕೆ ನೀಲಿ ಬಣ್ಣ ಹಾಕಿದ್ದು. ನಮ್ಮ ಕರ್ನಾಟಕದ ಕೆ.ಜಿ.ಎಫ್.ನಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿದ್ದರು. ಕಲಬೆರಕೆ ಮಾಡುವ ಪಂಪಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಕೇವಲ 27 ವರ್ಷ. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಠಿಣ ಶಿಕ್ಷೆ ಬೇಕಾದದ್ದು ಇಂಥ ಕಡೆ. ಬೆರೆಸಿ ಮಾರುವವನಿಗೆ ಸಲಾಂ ಹೊಡೆದು, ಕೈತಪ್ಪಿದ ಹುಡುಗನ ಕುತ್ತಿಗೆ ಹಿಡಿಯುವುದು ಯಾವ ಶೂರತನ?

ಮಿತ್ರರೇ, ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಮೊದಲೇ ಮಾಡಬಹುದಾದ ಕೆಲಸಗಳು ಉಂಟು. ಒಂದು ಬ್ರಷ್ಷು, ಸ್ವಲ್ಪ ಬಿಳಿ ಪೈಂಟು ಸಾಕು. ಟ್ಯಾಂಕಿಯ ಮುಚ್ಚಳದ ಹತ್ತಿರ 'ಡೀಸೆಲ್' ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಡ್ರೈವರ್ ಇಳಿದು ನಿಂತು, ರೂಪಾಯಿಗೆ ಮೊದಲು ಎಣ್ಣೆಯ ಹೆಸರು ಹೇಳಲಿ: 'ಡೀಸೆಲ್, ಎರಡು ಸಾವಿರ'. ಪಂಪಿನವರು ಅದನ್ನೇ ತಿರುಗಿ ಹೇಳಲಿ. ಬಣ್ಣ ನೋಡಿ ಅಂದಾಜು ಮಾಡುವುದು ಬೇಡ, ಹೆಸರು ಓದಿಯೇ ಹಾಕಲಿ. ಇಷ್ಟಾಗಿಯೂ ತಪ್ಪಿದರೆ ಕೀಲಿ ತಿರುಗಿಸಬೇಡಿ. ಹೊಸ ಗಾಡಿಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಟ್ಯಾಂಕಿಯ ಪಂಪು ಓಡಲು ಸುರುವಾಗಬಹುದು. ಗಾಡಿಯನ್ನು ದೂಡಿ ಬದಿಗೆ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕರೆಯಿರಿ. ಹತ್ತಿರ ಬೀಡಿ ಸೇದಬೇಡಿ. ಪೈಪು ಬಾಯಿಗಿಟ್ಟು ಎಳೆಯುವುದು ಬೇಡವೇ ಬೇಡ, ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಜೀವಕ್ಕೆ ಅಪಾಯ. ತೆಗೆದ ಎಣ್ಣೆಯನ್ನು ತೋಡಿಗೆ ಚೆಲ್ಲಬೇಡಿ. ಆ ತೋಡು ಹೋಗಿ ಸೇರುವುದು ನಮ್ಮ ಬಾವಿಗೆ, ನಮ್ಮ ನೇತ್ರಾವತಿಗೆ.

ಖರ್ಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ. ಕೂಡಲೇ ಹೇಳಿದವನ ಸಂಬಳ ಮುಟ್ಟಬಾರದು. ಟ್ಯಾಂಕಿ ತೊಳೆಯುವ ಖರ್ಚನ್ನು ಪಂಪಿನ ಧಣಿ ಹೊರಬೇಕು. ಡ್ರೈವರ್ ಹೆಸರು ಹೇಳದೆ ಇದ್ದರೆ ಲಾರಿಯ ಧಣಿಯೂ ಪಾಲು ಕೊಡಬೇಕು. ದಿನವೂ ಲಾಭ ತೆಗೆಯುವವರು ಒಂದು ದಿನದ ನಷ್ಟವನ್ನೂ ತೆಗೆದುಕೊಳ್ಳಬೇಡವೇ? ಗೊತ್ತಿದ್ದೂ ಮುಚ್ಚಿಟ್ಟವನನ್ನು ಮಾತ್ರ ವಿಚಾರಿಸಲಿ.

ಈ ಗೋಡೆಯ ಮುಂದೆ ನಿಂತು ಓದುತ್ತಿರುವ ಗೆಳೆಯ ಗೆಳತಿಯರೇ, ಇವತ್ತು ಮನೆಗೆ ಹೋಗಿ ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಮುಚ್ಚಳವನ್ನು ಒಮ್ಮೆ ನೋಡಿ. ಅದರಲ್ಲಿ ಹೆಸರು ಇಲ್ಲದಿದ್ದರೆ ಬರೆದುಕೊಡುವ ಕೆಲಸ ನಿಮ್ಮದು. ಅಕ್ಷರ ಕಲಿತದ್ದಕ್ಕೆ ಅಷ್ಟಾದರೂ ಮಾಡುವ, ಅಲ್ವಾ?

– ವಿಜ್ಞಾನ ಸಂಘದ ಒಬ್ಬ ಸದಸ್ಯೆ, ಹತ್ತನೇ ತರಗತಿ