ಒಡವೆ ಒಬ್ಬರದು, ಕೈ ಇನ್ನೊಬ್ಬರದು

ಅಕ್ಕಸಾಲೆ ಅಕ್ಕನ ಚಿನ್ನವನ್ನೂ ಬಿಡನೆಂದು ಕನ್ನಡದ ಹಳೆಯ ಗಾದೆಯೊಂದು ಹೇಳುತ್ತದೆ. ಗಾದೆ ನಿಷ್ಠುರವಾದುದು. ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನಲ್ಲಿ ತಲೆ ಬಗ್ಗಿಸಿ ಕುಳಿತು ಕಣ್ಣು ಸವೆಸಿಕೊಳ್ಳುವ ಕುಶಲಿಗಳು ಇದನ್ನು ಕೇಳಿದರೆ ನೊಂದುಕೊಂಡಾರು. ಆದರೂ ಗಾದೆಯ ಬೆನ್ನಿಗಿರುವ ಅಳುಕು ಸುಳ್ಳಲ್ಲ. ಒಡವೆ ಒಬ್ಬರದು, ಅದನ್ನು ಹಿಡಿದ ಕೈ ಇನ್ನೊಬ್ಬರದು ಎಂಬ ಸ್ಥಿತಿ ಒದಗಿದಾಗಲೆಲ್ಲ ಎರಡು ಪ್ರಶ್ನೆಗಳು ಹುಟ್ಟುತ್ತವೆ: ಕೊಟ್ಟ ವಸ್ತು ಕೊಟ್ಟಷ್ಟೇ ಹಿಂದಿರುಗೀತೇ? ಆದ ಕೆಲಸ ಒಪ್ಪಿದಂತೆ ಆದೀತೇ? ಸರ್ಕಾರ ಇಂದು ಖಾಸಗಿಯವರೊಡನೆ ಮಾಡಿಕೊಳ್ಳುವ ಸೇವಾ ಕರಾರುಗಳಲ್ಲಿ ಆಸ್ತಿಯ ನಿರ್ವಹಣೆ, ಗುಣಮಟ್ಟದ ಖಾತರಿ ಎಂಬ ದೊಡ್ಡ ಹೆಸರುಗಳಡಿ ಬರುವ ಷರತ್ತುಗಳೆಲ್ಲ ಈ ಎರಡು ಪ್ರಶ್ನೆಗಳಿಗೆ ಹುಡುಕಿದ ಉತ್ತರಗಳೇ ಆಗಿವೆ.

ಈ ಪ್ರಶ್ನೆಗಳು ನಮ್ಮ ನಾಡಿಗೆ ಹೊಸವಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ. ನಂಬಿ ಇಟ್ಟ ವಸ್ತು ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಕೇಳಿದಾಗ ಕೊಡದೆ ಹೋಗಿ ಅನಂತರ ಅದು ಕಳೆದರೆ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು ಎಂಬ ವಿವೇಕ ಆ ಸ್ಮೃತಿಯಲ್ಲಿದೆ. ಅದಕ್ಕಿಂತ ಕುತೂಹಲಕರವಾದುದು ಕುಶಲಿಯ ಕೈಗೆ ಕೊಟ್ಟ ಲೋಹದ ಲೆಕ್ಕ. ಬೆಂಕಿಗೆ ಹಾಕಿದಾಗ ಚಿನ್ನ ಸವೆಯದು. ಬೆಳ್ಳಿಯಲ್ಲಿ 100 ಪಲಕ್ಕೆ 2, ತಾಮ್ರದಲ್ಲಿ 5, ತವರ ಸೀಸಗಳಲ್ಲಿ 8, ಕಬ್ಬಿಣದಲ್ಲಿ 10 ಪಲ ಸವೆತವನ್ನು ಒಪ್ಪಬಹುದೆಂದು ಅಲ್ಲಿ ವಿಧಿಸಿದೆ. ಸವೆತಕ್ಕೆ ಮಿತಿಯನ್ನು ಮೊದಲೇ ಗೊತ್ತುಮಾಡಿದರೆ ಒಡೆಯನಿಗೆ ಸಂಶಯವಿಲ್ಲ, ಕೆಲಸಗಾರನಿಗೆ ಅಪವಾದವಿಲ್ಲ. ಕರಾರಿನ ಪರಮ ಪ್ರಯೋಜನ ಇದೇ.

ಬೆಂಗಳೂರಿನ ದಂಡು ಪ್ರದೇಶಕ್ಕಂತೂ ಈ ಬಗೆಯ ಬಾಳು ಹುಟ್ಟಿನಿಂದಲೇ ಬಂದದ್ದು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗ ದಂಡಿನ ನೆಲ ಮಾತ್ರ ಬ್ರಿಟಿಷರ ವಶದಲ್ಲಿಯೇ ಉಳಿಯಿತು. ನೆಲ ಮಹಾರಾಜರದು, ಅಧಿಕಾರ ರೆಸಿಡೆಂಟರದು. 1947ರ ಜುಲೈ 26ರಂದು ಅದು ಸಂಸ್ಥಾನಕ್ಕೆ ಹಿಂದಿರುಗುವವರೆಗೆ ಹಲಸೂರಿನ ಜನ ಈ ಇಬ್ಬಂದಿಯಲ್ಲಿಯೇ ಬಾಳಿದರು.

ಅದೇ ಹಲಸೂರಿನಿಂದ ಪೂರ್ವಕ್ಕೆ ಕೆಲವು ಮೈಲಿ ಸಾಗಿದರೆ ವಿಮಾನಪುರ. ವಾಲಚಂದ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ವಿಮಾನ ಕಟ್ಟಬೇಕೆಂಬುದು ಅವರ ಕನಸು. ಯುದ್ಧ ಒಪ್ಪಿಸಿದ್ದು ದುರಸ್ತಿಯ ಕೆಲಸ. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ನೆಲವನ್ನು ಒದಗಿಸಿದ್ದು ಮೈಸೂರು, ಆಡಳಿತ ಅಮೆರಿಕನ್ನರದು, ವಿಮಾನ ಮಿತ್ರರಾಷ್ಟ್ರಗಳದು, ಬೆವರು ಬೆಂಗಳೂರಿನವರದು. ಯುದ್ಧ ಮುಗಿದ ಮೇಲೆ ಕಾನಪುರದಲ್ಲಿ ಅನಾಥವಾಗಿ ಬಿದ್ದಿದ್ದ ಲಿಬರೇಟರ್ ಬಾಂಬರುಗಳನ್ನು ಇಲ್ಲಿಗೆ ಹಾರಿಸಿ ತಂದು, 1948ರಿಂದ 40ಕ್ಕೂ ಹೆಚ್ಚು ವಿಮಾನಗಳಿಗೆ ಮರುಜೀವ ಕೊಟ್ಟು ಭಾರತೀಯ ವಾಯುಪಡೆಗೆ ಒಪ್ಪಿಸಿದ್ದು ಇದೇ ಕಾರ್ಖಾನೆ. 1964ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು.

ದುರಸ್ತಿಗೆ ಬಂದ ವಿಮಾನ ಮಾರಾಟದ ಸರಕಲ್ಲ. ಅದು ಸರ್ಕಾರದ ಸ್ವತ್ತು. ಬಂದ ದಿನವೇ ಅದರ ಅಂಗಾಂಗಗಳ ಪಟ್ಟಿಯಾಗಬೇಕು. ಬಿಚ್ಚಿದ ಭಾಗಕ್ಕೆ ಚೀಟಿ ಕಟ್ಟಬೇಕು. ರೆಕ್ಕೆಯ ಹೊದಿಕೆಯನ್ನು ರಿವೆಟ್ ಹೊಡೆದು ಮುಚ್ಚಿದ ಮೇಲೆ ಒಳಗಿನ ಕೆಲಸ ಯಾರ ಕಣ್ಣಿಗೂ ಬೀಳದು. ಆದುದರಿಂದ ಮುಚ್ಚುವ ಮೊದಲೇ ಪರೀಕ್ಷಕನ ಮೊಹರು ಬೀಳಬೇಕು. ಗುಣಮಟ್ಟದ ಖಾತರಿ ಎಂದರೆ ಕೊನೆಯಲ್ಲಿ ಬಂದು ಒಮ್ಮೆ ನೋಡಿ ತಲೆಯಾಡಿಸುವುದಲ್ಲ, ಹೆಜ್ಜೆ ಹೆಜ್ಜೆಗೂ ಸಾಕ್ಷಿಯನ್ನು ಉಳಿಸುವುದು. ಕಾರ್ಖಾನೆಗೆ ತನ್ನದೇ ಪರೀಕ್ಷಕರಿರುವರು. ಅವರಲ್ಲದೆ ರಕ್ಷಣಾ ಸಚಿವಾಲಯಕ್ಕೆ ಸೇರಿದ, ಕಾರ್ಖಾನೆಯ ಅಧೀನದಲ್ಲಿಲ್ಲದ, ವೈಮಾನಿಕ ಗುಣಮಟ್ಟ ಖಾತರಿ ಮಹಾನಿರ್ದೇಶನಾಲಯದವರೂ ಇರುವರು. ಮಾಡಿದವನೇ ಮೆಚ್ಚಿಕೊಂಡರೆ ಸಾಲದು, ಹೊರಗಿನ ಕಣ್ಣೊಂದು ಬೇಕು ಎಂಬುದು ಇದರ ತಿರುಳು.

ಇಲ್ಲಿ ಆಸ್ತಿಯೂ ಗುಣಮಟ್ಟವೂ ಬೇರೆ ಬೇರೆಯಲ್ಲವೆಂಬುದನ್ನು ಒಂದು ಸಣ್ಣ ಸ್ಪ್ಯಾನರ್ ತಿಳಿಸಿಕೊಡುತ್ತದೆ. ವಿಮಾನದ ಕಾರ್ಯಾಗಾರದಲ್ಲಿ ಪ್ರತಿ ಉಪಕರಣಕ್ಕೂ ಗೊತ್ತಾದ ಜಾಗವುಂಟು. ಹಲಗೆಯ ಮೇಲೆ ಅದರದೇ ಆಕಾರ ಬರೆದಿರುತ್ತದೆ. ಕೆಲಸಗಾರ ತೆಗೆದುಕೊಂಡದ್ದು ಲೆಕ್ಕಕ್ಕೆ ಸೇರುತ್ತದೆ. ಸಂಜೆ ಒಂದು ಆಕಾರ ಬರಿದಾಗಿ ಕಂಡಿತೆನ್ನಿ. ಉಗ್ರಾಣದವನ ಪುಸ್ತಕದಲ್ಲಿ ಅದು ಕೆಲವು ರೂಪಾಯಿಗಳ ನಷ್ಟ. ಆದರೆ ಆ ಸ್ಪ್ಯಾನರ್ ಎಂಜಿನ್ನಿನ ಬಳಿಯೋ ಚಾಲನೆಯ ಸರಳುಗಳ ನಡುವೆಯೋ ಉಳಿದಿದ್ದರೆ? ಅದು ಸಿಕ್ಕುವವರೆಗೆ ವಿಮಾನ ಹೊರಡಬಾರದು. ಸಾಮಾನಿನ ಲೆಕ್ಕ ತಪ್ಪಿದಲ್ಲಿ ಕೆಲಸದ ಖಾತರಿಯೂ ತಪ್ಪುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಖರೀದಿ ನಿಯಮಾವಳಿಯಲ್ಲಿ 45ನೆಯ ಭಾಗ ಸರ್ಕಾರದ ಆಸ್ತಿಗೂ 46ನೆಯ ಭಾಗ ಗುಣಮಟ್ಟದ ಖಾತರಿಗೂ ಮೀಸಲಾಗಿ ಒಂದರ ಪಕ್ಕದಲ್ಲೊಂದು ಕುಳಿತಿರುವುದು ಒಪ್ಪುವಂಥದೇ.

ದೊಡ್ಡ ಕಾರ್ಖಾನೆಗಳು ಲೋಹದ ಗಟ್ಟಿಯನ್ನು ತಾವೇ ಕೊಟ್ಟು ಸಣ್ಣ ಕಾರ್ಯಾಗಾರಗಳಿಂದ ಬಿಡಿಭಾಗಗಳನ್ನು ಮಾಡಿಸಿಕೊಳ್ಳುವುದುಂಟು. ಕೃಷ್ಣರಾಜಪುರದ ಕಡೆ ಎರಡು ಲೇತು ಹಾಕಿಕೊಂಡು ಬಾಳುವೆ ನಡೆಸುವವನೊಬ್ಬನಿಗೆ ಇಂಥ ಕೆಲಸ ಬಂತೆಂದು ಭಾವಿಸಬಹುದು. ಕೈಗೆ ಬಂದ ಲೋಹದ ಬೆಲೆ ಅವನ ಇಡೀ ಅಂಗಡಿಯ ಬೆಲೆಯನ್ನು ಮೀರೀತು. ಕೊರೆದ ಚೂರು, ಉಳಿದ ತುಂಡು, ಕೆಟ್ಟ ಭಾಗ ಎಲ್ಲಕ್ಕೂ ಅವನು ಲೆಕ್ಕ ಕೊಡಬೇಕು. ಅವನ ರಕ್ಷಣೆಗೆ ಯಾರು? 1872ರ ಭಾರತೀಯ ಕರಾರು ಕಾಯಿದೆ ಇಬ್ಬರ ಕಡೆಗೂ ನೋಡಿದೆ. 151ನೆಯ ಪ್ರಕರಣದಂತೆ, ವಿವೇಕಿಯಾದ ಸಾಮಾನ್ಯ ಮನುಷ್ಯ ತನ್ನದೇ ಅಂಥ ವಸ್ತುವನ್ನು ಹೇಗೆ ಕಾಯುವನೋ ಹಾಗೆ ಇಟ್ಟುಕೊಂಡವನು ಕಾಯಬೇಕು. ಹಾಗೆ ಕಾದೂ ಅದು ಹಾಳಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅವನು ಹೊಣೆಯಲ್ಲವೆಂದು 152ನೆಯದು ಹೇಳುತ್ತದೆ. ಕೊಟ್ಟವನೂ ಕಟ್ಟುಪಾಡಿಗೆ ಹೊರತಲ್ಲ: ತಾನು ಕೊಡುವ ವಸ್ತುವಿನಲ್ಲಿ ತನಗೆ ತಿಳಿದ ದೋಷವಿದ್ದರೆ ಮೊದಲೇ ತಿಳಿಸಬೇಕೆಂದು 150ನೆಯ ಪ್ರಕರಣ ವಿಧಿಸುತ್ತದೆ. ಆದರೆ ಕಾಯಿದೆಯ ಈ ನೆರಳನ್ನು ಕರಾರಿನ ಒಂದೇ ಸಾಲು ಕಿತ್ತುಹಾಕಬಲ್ಲುದು. ಏನೇ ಆದರೂ ಗುತ್ತಿಗೆದಾರನೇ ಹೊಣೆ ಎಂಬ ವಾಕ್ಯದ ಕೆಳಗೆ ಓದದೆ ರುಜು ಹಾಕಿದವನಿಗೆ ಆಮೇಲೆ ಉಳಿಯುವುದು ಪಶ್ಚಾತ್ತಾಪ.

ವಿಮಾನದ ಮಾತು ದೂರವೆನಿಸಿದರೆ ಯಾವುದಾದರೂ ಸರ್ಕಾರಿ ಕಚೇರಿಯ ಅಂಗಳವನ್ನು ಹೊಕ್ಕು ನೋಡಬಹುದು. ಕಸ ಗುಡಿಸುವುದು, ಕಾವಲು, ಲಿಫ್ಟು ಜನರೇಟರುಗಳ ಪಾಲನೆ ಬಹುಮಟ್ಟಿಗೆ ಗುತ್ತಿಗೆಯವು. ಗುತ್ತಿಗೆ ಕೊಡುವ ಬಗೆಯನ್ನು ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ ಬಿಗಿಗೊಳಿಸಿದೆ. ಕೇಂದ್ರದ 2017ರ ಹಣಕಾಸು ನಿಯಮಗಳು ಸ್ಥಿರ ಸಾಮಗ್ರಿಗಳನ್ನು ವರ್ಷಕ್ಕೊಮ್ಮೆಯಾದರೂ ಎಣಿಸಿ ನೋಡಬೇಕೆನ್ನುತ್ತವೆ. ಇಷ್ಟಾದರೂ ಗುತ್ತಿಗೆ ಬದಲಾದ ದಿನ ಹಳಬ ಹೊಸಬರಿಬ್ಬರೂ ಅಧಿಕಾರಿಯೊಡನೆ ನಿಂತು, ಜನರೇಟರ್ ಓಡುತ್ತಿತ್ತೋ ಇಲ್ಲವೋ ಎಂಬುದನ್ನು ಬರೆದು ಮೂವರೂ ರುಜು ಹಾಕದಿದ್ದರೆ, ಮುಂದೆ ಅದು ಕೆಟ್ಟಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವರು. ಹಾಗೆಯೇ, ಹತ್ತು ಆಳುಗಳನ್ನು ಒದಗಿಸುವುದು ಎಂದಷ್ಟೇ ಕರಾರಿನಲ್ಲಿದ್ದರೆ ಹಾಜರಿ ಪುಸ್ತಕ ತುಂಬೀತು, ನೆಲ ಶುಚಿಯಾಗದು. ಶುಚಿ ಎಂದರೇನು, ಯಾವ ಹೊತ್ತಿಗೆ, ಯಾರು ನೋಡಿ ಒಪ್ಪಬೇಕು ಎಂಬುದನ್ನು ಬರೆದಿಡಬೇಕು. ದಂಡವನ್ನು ಬರೆಯುವಾಗಲೂ ಎಚ್ಚರ ಬೇಕು. ಗುತ್ತಿಗೆದಾರನ ಹಣದಲ್ಲಿ ಮುರಿದುಕೊಂಡದ್ದು ಕೊನೆಗೆ ಗುಡಿಸುವ ಹೆಂಗಸಿನ ಕೂಲಿಯಲ್ಲಿ ಕಡಿತವಾಗದಂತೆ ನೋಡಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಹೇಳಿದ್ದುದರ ಹಿಂದೆ ಇದ್ದುದು ಈ ನ್ಯಾಯವೇ.

2019ರ ಫೆಬ್ರವರಿ 1ರ ಬೆಳಗ್ಗೆ ವಿಮಾನಪುರದ ನಿಲ್ದಾಣದಲ್ಲಿ, ಕಾರ್ಖಾನೆಯಲ್ಲಿ ನವೀಕರಣ ಹೊಂದಿದ ವಾಯುಪಡೆಯ ಮಿರಾಜ್ 2000 ವಿಮಾನವೊಂದನ್ನು ಒಪ್ಪಿಕೊಳ್ಳುವ ಮುನ್ನ ಪರೀಕ್ಷಿಸಲೆಂದು ಇಬ್ಬರು ಯುವ ಅಧಿಕಾರಿಗಳು ಏರಿದರು. ವಿಮಾನ ಅಪಘಾತಕ್ಕೀಡಾಯಿತು, ಇಬ್ಬರೂ ಮರಳಲಿಲ್ಲ. ಯಾರನ್ನೂ ದೂರಲು ಈ ನೆನಪಲ್ಲ. ಒಪ್ಪಿಗೆ, ಸ್ವೀಕಾರ ಎಂಬ ಮಾತುಗಳು ಕರಾರಿನ ಕಾಗದದ ಮೇಲೆ ಒಣ ಶಬ್ದಗಳಾಗಿ ಕಾಣುತ್ತವೆ. ಆ ಶಬ್ದದ ತುದಿಯಲ್ಲಿ ಒಂದು ಜೀವ ಕುಳಿತಿರುತ್ತದೆಂಬುದನ್ನು ಕರಾರು ಬರೆಯುವವರೂ, ಅದಕ್ಕೆ ರುಜು ಹಾಕುವವರೂ, ಸ್ಪ್ಯಾನರನ್ನು ಅದರ ಜಾಗದಲ್ಲಿಡುವವರೂ ಮರೆಯಬಾರದು.

ಅಕ್ಕಸಾಲೆಯ ಗಾದೆ ಅಪನಂಬಿಕೆಯಿಂದ ಹುಟ್ಟಿತು. ಒಳ್ಳೆಯ ಕರಾರು ನಂಬಿಕೆಗೆ ಲೆಕ್ಕದ ಊರೆಗೋಲನ್ನು ಕೊಡುತ್ತದೆ. ತೂಗಿ ಕೊಟ್ಟು ತೂಗಿ ತೆಗೆದುಕೊಂಡ ಮನೆಯಲ್ಲಿ ಅಕ್ಕನೂ ನಿಶ್ಚಿಂತಳು. ಅಕ್ಕಸಾಲೆಯೂ ತಲೆಯೆತ್ತಿ ನಡೆಯಬಲ್ಲನು.