ಕಾನೂನು ಸಡಿಲವಾಯಿತು, ಅಂಜಿಕೆ ಉಳಿಯಿತು

ಸ್ತನ ಕ್ಯಾನ್ಸರ್ ಉಲ್ಬಣಿಸಿದಾಗ ಗಡ್ಡೆಯು ಚರ್ಮವನ್ನು ಭೇದಿಸಿ ಹುಣ್ಣಾಗುವುದುಂಟು. ರಸಿಕೆ, ದುರ್ವಾಸನೆಗಳ ಜತೆಗೆ ಪ್ರತಿ ಬಾರಿ ಪಟ್ಟಿ ಬದಲಿಸುವಾಗಿನ ನೋವು ರೋಗಿಯನ್ನು ಹಣ್ಣು ಮಾಡುತ್ತದೆ. ಇಂಥ ತೀವ್ರ ನೋವಿಗೆ ಬಾಯಿಯ ಮೂಲಕ ನೀಡುವ ಮಾರ್ಫಿನ್ ಪ್ರಮುಖ ಔಷಧ. ಆದರೆ ಅದರಿಂದ ಮಂಪರು, ವಾಕರಿಕೆ, ಮಲಬದ್ಧತೆ ಉಂಟಾಗಬಹುದು.

ಈ ಹಿನ್ನೆಲೆಯಲ್ಲಿ, ರೋಗ ವಾಸಿಯಾಗದಿದ್ದರೂ ನರಳಾಟ ತಗ್ಗಿಸುವ ಉಪಶಾಮಕ ಆರೈಕೆಯ ತಜ್ಞರು ಕಂಡುಕೊಂಡ ಮತ್ತೊಂದು ಮಾರ್ಗವೆಂದರೆ ಮಾರ್ಫಿನ್ ಅನ್ನು ಹುಣ್ಣಿಗೇ ಲೇಪಿಸುವುದು. ಸಾಮಾನ್ಯವಾಗಿ 10 ಮಿಲಿಗ್ರಾಂ ಮಾರ್ಫಿನ್ ಅನ್ನು 8 ಗ್ರಾಂ ಜೆಲ್‌ನಲ್ಲಿ ಬೆರೆಸಿ ವೈದ್ಯರ ನಿಗಾದಲ್ಲಿ ಹಚ್ಚಲಾಗುತ್ತದೆ. ಉರಿಯೂತವಿರುವ ಜಾಗದ ನರತುದಿಗಳಲ್ಲಿ ಈ ಔಷಧಕ್ಕೆ ಸ್ಪಂದಿಸುವ ಗ್ರಾಹಕಗಳಿರುವುದರಿಂದ ನೋವು ಅಲ್ಲಿಯೇ ತಗ್ಗುತ್ತದೆ ಎಂಬುದು ಇದರ ಹಿಂದಿನ ತರ್ಕ. ರಕ್ತಕ್ಕೆ ಸೇರುವ ಪ್ರಮಾಣ ಬಹುತೇಕ ಅಲ್ಪ. ಹುಣ್ಣು ವಿಶಾಲವಾಗಿದ್ದರೆ ಹೆಚ್ಚಬಹುದು. ಈವರೆಗಿನ ಅಧ್ಯಯನಗಳು ಚಿಕ್ಕವು, ಫಲಿತಾಂಶಗಳು ಮಿಶ್ರ. ಆದ್ದರಿಂದ ಲೇಪವು ಮಾತ್ರೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಲೇಪವಿರಲಿ, ಮಾತ್ರೆಯಿರಲಿ, ಮೊದಲು ಮಾರ್ಫಿನ್ ಕೈಗೆಟುಕಬೇಕು. ಸಮಸ್ಯೆಯ ಮೂಲ ಇಲ್ಲಿದೆ. ಮಧ್ಯಪ್ರದೇಶ, ರಾಜಸ್ತಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಡಿ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ ಜಾರಿಯಾದ ನಂತರದ ವರ್ಷಗಳಲ್ಲಿ ಚಿಕಿತ್ಸೆಗಾಗಿ ಮಾರ್ಫಿನ್ ಬಳಕೆ ಶೇ. 90ಕ್ಕೂ ಹೆಚ್ಚು ಕುಸಿಯಿತು. ಹಲವು ಇಲಾಖೆಗಳ ಪರವಾನಗಿಯ ಗೋಜು, ಕಠಿಣ ಶಿಕ್ಷೆಯ ಭಯ ಇದಕ್ಕೆ ಕಾರಣ.

2014ರ ತಿದ್ದುಪಡಿ ಈ ಕಗ್ಗಂಟನ್ನು ಬಿಡಿಸಿತು. 2015ರಲ್ಲಿ ಮಾರ್ಫಿನ್ ಸೇರಿ ಆರು ಔಷಧಗಳನ್ನು ‘ಅಗತ್ಯ’ ಎಂದು ಕೇಂದ್ರವು ಘೋಷಿಸಿತು. ತರಬೇತಾದ ವೈದ್ಯರಿರುವ ಸಂಸ್ಥೆಗಳು ರಾಜ್ಯ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕೆಂದಾಯಿತು.

ಆದರೆ ಮೂರು ದಶಕಗಳ ಅಂಜಿಕೆ ಒಂದು ಅಧಿಸೂಚನೆಯಿಂದ ಅಳಿಯುವಂಥದಲ್ಲ. ಮಾರ್ಫಿನ್ ಎಂದರೆ ವ್ಯಸನ ಎಂಬ ಭಾವನೆ ರೋಗಿಯ ಬಂಧುಗಳಲ್ಲಷ್ಟೇ ಅಲ್ಲ, ವೈದ್ಯರಲ್ಲೂ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ, ಕರುಣಾಶ್ರಯಗಳಿವೆ. ಆದರೆ ಕೊನೆಯ ದಿನಗಳಲ್ಲಿ ಊರಿಗೆ ಮರಳಿದ ರೋಗಿಯ ಹುಣ್ಣಿಗೆ ನಿತ್ಯ ಪಟ್ಟಿ ಕಟ್ಟುವವರು ಮನೆಯವರೇ. ಜಿಲ್ಲಾ ಆಸ್ಪತ್ರೆಗಳಲ್ಲಿ ಔಷಧದ ದಾಸ್ತಾನು, ಅದನ್ನು ಬಳಸಬಲ್ಲ ವೈದ್ಯರು ಮತ್ತು ದಾದಿಯರು ಇಲ್ಲದಿದ್ದರೆ ಕಾನೂನಿನ ಸಡಿಲಿಕೆ ಕಾಗದದಲ್ಲಿಯೇ ಉಳಿಯುತ್ತದೆ, ನೋವು ಮನೆಯಲ್ಲಿ.