ವಾರ್ಡಿನಿಂದಲೇ ಶುರು

ನೆಲ್ಲೂರಿನಲ್ಲಿ ಹುಟ್ಟಿದ ಉಪೇಂದ್ರ ಚಿವುಕುಲ ಮದರಾಸಿನ ಗಿಂಡಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕದ ವಿಮಾನ ಹತ್ತಿದವರು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಇನ್ನೊಂದು ಪದವಿ, ಆಮೇಲೆ ನೌಕರಿ. ಇಲ್ಲಿಯವರೆಗೆ ಎಲ್ಲರ ಮನೆಯ ಕಥೆಯೇ. ಆದರೆ ಅವರು ನ್ಯೂಜೆರ್ಸಿಯ ಫ್ರಾಂಕ್ಲಿನ್ ಟೌನ್‌ಶಿಪ್‌ನ ಕೌನ್ಸಿಲ್ ಚುನಾವಣೆಗೆ ನಿಂತರು, ಗೆದ್ದರು, 2000ದಲ್ಲಿ ಮೇಯರ್ ಆದರು. 2002ರಲ್ಲಿ ರಾಜ್ಯದ ಅಸೆಂಬ್ಲಿಗೆ ಹೋದ ಮೇಲೂ ಕಲಿತ ವಿದ್ಯೆ ಕೈಬಿಡಲಿಲ್ಲ. ಸೌರವಿದ್ಯುತ್ತಿನ ಮಸೂದೆಗಳ ಹಿಂದೆ ನಿಂತರು. 2014ರಲ್ಲಿ ವಿದ್ಯುತ್, ಗ್ಯಾಸ್, ನೀರಿನ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಮಂಡಳಿಗೆ ನೇಮಕವಾದರು. ಎಂಜಿನಿಯರ್‌ಗೆ ಇದಕ್ಕಿಂತ ಒಪ್ಪುವ ರಾಜಕೀಯ ಬೇರೆ ಯಾವುದಿದ್ದೀತು?

ಕನ್ನಡಿಗರಲ್ಲಿ ಹುಡುಕಿದರೆ ಕಲಬುರಗಿ ಸೀಮೆಯ ಡಾ. ನೀರಜ್ ಪಾಟೀಲ್ ಸಿಗುತ್ತಾರೆ. ಎಂಜಿನಿಯರ್ ಅಲ್ಲ, ವೈದ್ಯರು. 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಎಂಬ ಆಡಳಿತ ವಿಭಾಗದ (ಬರೋ) ಮೇಯರ್ ಆಗಿದ್ದರು. ಅದು ಅಧಿಕಾರಕ್ಕಿಂತ ಮರ್ಯಾದೆ ಹೆಚ್ಚಿರುವ ಹುದ್ದೆ. ಕೌನ್ಸಿಲರುಗಳೇ ವರ್ಷಕ್ಕೊಬ್ಬರನ್ನು ಕೂರಿಸುತ್ತಾರೆ. ಆದರೂ ಥೇಮ್ಸ್ ದಂಡೆಯಲ್ಲಿ, ಬ್ರಿಟಿಷ್ ಸಂಸತ್ತಿನ ಎದುರು ದಡಕ್ಕೆ, ಬಸವಣ್ಣನವರ ಪ್ರತಿಮೆ ಬಂದದ್ದು ಅವರು ಹಿಡಿದ ಹಟದಿಂದ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು.

ಸಿರಾ ತಾಲ್ಲೂಕಿನಿಂದ ಕೆನಡಾಕ್ಕೆ ಹೋದ ಎಂಜಿನಿಯರ್ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತಾಡಿದಾಗ ಆ ವಿಡಿಯೊ ನೋಡದ ಕನ್ನಡಿಗರು ಕಡಿಮೆ. ಆ ಮಾತು ಎರಡು ನಿಮಿಷದ್ದೂ ಅಲ್ಲ. ಅವರನ್ನು ಮೂರು ಸಲ ಗೆಲ್ಲಿಸಿದವರಾದರೋ ನೇಪಿಯನ್ ಕ್ಷೇತ್ರದ ಕನ್ನಡ ಬಾರದ ಮತದಾರರು. ಹಾರ ಹಾಕುವ ಭರದಲ್ಲಿ ನಾವು ಮರೆಯುವುದು ಇದನ್ನೇ.

ಇವರೆಲ್ಲ ಊರು ಬಿಟ್ಟು ಹೋಗಿ ಗೆದ್ದವರು. ನಮ್ಮ ಆದವಾನಿಯ ಕನ್ನಡಿಗರು ವಲಸೆ ಹೋದವರಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಇವರು ಕೂತಲ್ಲೇ ಗಡಿನಾಡಿನವರಾದರು. ಹತ್ತಿ ಮಾರುಕಟ್ಟೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಓಣಿ ದಾಟಿದರೆ ಉರ್ದು. ಮೂರು ಭಾಷೆಯಲ್ಲಿ ಮತ ಕೇಳಬಲ್ಲವರಿಗೆ ಪುರಸಭೆ ದೂರವೇನಲ್ಲ. ಆದರೂ ಇಲ್ಲಿ ಓದಿದ ಹುಡುಗರ ಕಣ್ಣು ಬೆಂಗಳೂರು, ಹೈದರಾಬಾದಿನ ಮೇಲೆ. ವಾರ್ಡಿನ ರಾಜಕೀಯವೆಂದರೆ ಮೂಗು ಮುರಿಯುತ್ತಾರೆ. ಲ್ಯಾಂಬೆತ್ತಿನಲ್ಲೂ ಫ್ರಾಂಕ್ಲಿನ್ನಿನಲ್ಲೂ ದಾರಿ ಶುರುವಾದದ್ದು ಕೌನ್ಸಿಲ್ಲಿನಿಂದಲೇ.

ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಚರಂಡಿ ಯಾವಾಗ, ಕನ್ನಡ ಶಾಲೆಗೆ ಮೇಷ್ಟ್ರು ಯಾವಾಗ? ಉತ್ತರ ಸರಿಬರದಿದ್ದರೆ ನೀವೇ ನಾಮಪತ್ರ ಸಲ್ಲಿಸಿ.